ಐಸಮ್ಮನ ಒಲೆಯೂ ನನ್ನ ಬೂದಿಯೂ

ಕೇಳಿದ ಸುದ್ದಿಯನ್ನು ಕೇಳಿದ ಕೂಡಲೇ ನಂಬುವ ಅಭ್ಯಾಸ ನನಗೆ ಚಿಕ್ಕಂದಿನಿಂದಲೂ ಇಲ್ಲ. "ನೋಡಿದವರು ಯಾರು?" ಎಂಬುದು ನನ್ನ ಮೊದಲ ಪ್ರಶ್ನೆ. ಭೂಮಿ ಗುಂಡಗಿದೆ ಎಂದು ಮಾಸ್ತರರು ಹೇಳಿದಾಗಲೂ ನಾನು ಇದನ್ನೇ ಕೇಳಿದ್ದೆ. ನನ್ನ ಶಾಲಾ ಶಿಕ್ಷಣ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ಆಮೇಲಿನ ವಿದ್ಯೆಯನ್ನೆಲ್ಲ ನಾನು ಸ್ವಂತ ಪ್ರಯತ್ನದಿಂದ, ಅಂಗಡಿಯವರು ಬೆಲ್ಲ ಕಟ್ಟಿಕೊಟ್ಟ ಹಳೆಯ ಪತ್ರಿಕೆಗಳನ್ನು ಓದಿ ಸಂಪಾದಿಸಿದೆ. ಅನೇಕ ಲೇಖನಗಳ ಕೊನೆಯ ಭಾಗ ಬೆಲ್ಲಕ್ಕೆ ಅಂಟಿಕೊಂಡು ಹರಿದುಹೋಗಿದ್ದುದರಿಂದ, ಅಂಥ ವಿಷಯಗಳಲ್ಲಿ ತೀರ್ಮಾನವನ್ನು ನಾನೇ ಮಾಡಿಕೊಳ್ಳಬೇಕಾಗುತ್ತಿತ್ತು.

ಬೆಳ್ಳಾರೆ ಪೇಟೆಯ ತುದಿಯಲ್ಲಿ ನನ್ನದೊಂದು ಗೋಲಿಸೋಡದ ಅಂಗಡಿ. ಅದರ ಹಿಂದೆಯೇ ಮನೆ. ಬಾಟಲಿಗೆ ಗ್ಯಾಸು ತುಂಬುವ ಯಂತ್ರವನ್ನು ಸ್ವಹಸ್ತದಿಂದ ತಿರುಗಿಸುವವನಾದ್ದರಿಂದ, ಊರಿನ ಇತರರಿಗಿಂತ ನನ್ನಲ್ಲಿ ವಿಜ್ಞಾನದ ಅಂಶ ತುಸು ಹೆಚ್ಚೆಂದು ನಾನು ನಂಬಿದ್ದೆ. ಈ ಒಂದು ವಿಷಯದಲ್ಲಿ ಮಾತ್ರ "ನೋಡಿದವರು ಯಾರು?" ಎಂದು ಕೇಳಿಕೊಂಡಿರಲಿಲ್ಲ.

ನಾನು ಹೇಳುತ್ತಿರುವುದು ಅರುವತ್ತರ ದಶಕದ ನಡುವಿನ ಮಾತು. ಅಕ್ಕಿ ಎಂಬ ಪದಾರ್ಥವು ಅಂಗಡಿಗಳಿಂದ ಎದ್ದುಹೋಗಿ ರೇಶನ್ ಕಾರ್ಡಿನೊಳಗೆ ಅಡಗಿ ಕುಳಿತಿದ್ದ ಕಾಲ. ಸುಳ್ಯ ತಾಲೂಕು ಆಗಿನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೂ ನಮಗೆ ಸುದ್ದಿ ತಲುಪಿರಲಿಲ್ಲ. ಏನೇ ಆಗಬೇಕಿದ್ದರೂ ಪುತ್ತೂರಿನ ಕಚೇರಿಗೇ ಹೋಗಬೇಕು.

ಒಂದು ಬೆಳಿಗ್ಗೆ ಐಸಮ್ಮ ಬಂದು ಅಂಗಡಿಯ ಜಗಲಿಯ ಕೆಳಗೆ ನಿಂತಳು. ನಮ್ಮ ಹಿತ್ತಿಲಿನಾಚೆಯ ಮುಳಿಹುಲ್ಲಿನ ಗುಡಿಸಲು ಅವಳದು. ಗಂಡ ತೀರಿಕೊಂಡ ಮೇಲೆ ನಾಲ್ಕು ಮನೆಗಳ ಭತ್ತ ಕುಟ್ಟಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಈಗ ಕುಟ್ಟಲು ಯಾರ ಮನೆಯಲ್ಲೂ ಭತ್ತವಿರಲಿಲ್ಲ.

"ಸೋಡದಣ್ಣ, ನನಗೆ ಕಾರ್ಡು ಕೊಡುದಿಲ್ಲವಂತೆ."

"ಯಾಕಂತೆ?"

"ನಾನು ಅರಂತೋಡಿನ ಅಣ್ಣನ ಕುಟುಂಬಕ್ಕೆ ಸೇರಿದವಳಂತೆ."

ಈ ಅಣ್ಣನನ್ನು ನಾನು ಬಲ್ಲೆ. ಅರಂತೋಡಿನ ಮಾರ್ಗದ ಬದಿಯಲ್ಲಿ ಚಹಾದ ಹೋಟೆಲು ಇಟ್ಟವನು. ವರ್ಷಕ್ಕೊಮ್ಮೆ ಪೆರ್ನಾಲು ಹಬ್ಬಕ್ಕೆ ಬಂದು, "ಹೇಗಿದ್ದಿ?" ಎಂದು ತಂಗಿಯನ್ನು ಕೇಳಿ, ಉತ್ತರ ಬರುವ ಮೊದಲೇ ಬಸ್ಸು ಹತ್ತುವವನು.

"ಮಳೆ ಹಿಡಿಯುವ ಮೊದಲು ಕಾರ್ಡು ಆಗದಿದ್ರೆ ಮಕ್ಕಳಿಬ್ಬರನ್ನೂ ಅವನ ಹೋಟೆಲಿಗೆ ಕಳಿಸ್ಬೇಕು ಅಣ್ಣ," ಎಂದಳು ಐಸಮ್ಮ. "ಗ್ಲಾಸು ತೊಳೀಲಿಕ್ಕೆ ಜನ ಬೇಕಂತೆ ಅವನಿಗೆ. ಚಿಕ್ಕದಕ್ಕೆ ತೊಟ್ಟಿಯ ನೀರು ಕೂಡ ಎಟಕುದಿಲ್ಲ."

ನನಗೆ ಕೋಪವೂ ಬಂತು, ಕುತೂಹಲವೂ ಹುಟ್ಟಿತು. ಒಂದು ಕುಟುಂಬ ಎಲ್ಲಿ ಮುಗಿಯುತ್ತದೆ, ಇನ್ನೊಂದು ಎಲ್ಲಿ ಆರಂಭವಾಗುತ್ತದೆ? ಇದನ್ನು ನೋಡಿದವರು ಯಾರು?

"ಒಂದು ಅರ್ಜಿ. ಅಷ್ಟೇ ತಾನೆ?" ಎಂದೆ. "ನನಗೆ ಬಿಡು."

ಈ ಎರಡು ಪದಗಳನ್ನು ನಾನು ಜೀವನದಲ್ಲಿ ಅನೇಕ ಸಲ ಉಚ್ಚರಿಸಿದ್ದೇನೆ. ಒಮ್ಮೆಯೂ ಲಾಭವಾಗಿಲ್ಲ.

ಅರ್ಜಿಯನ್ನು ಬುಡದಿಂದಲೇ ಆರಂಭಿಸಿದೆ. ಆದಿಮಾನವನು ಗುಹೆಯಲ್ಲಿ ಬೆಂಕಿಯ ಸುತ್ತ ಕುಳಿತಲ್ಲಿಂದ ಹಿಡಿದು ಕುಟುಂಬ ವ್ಯವಸ್ಥೆಯು ಬೆಳೆದು ಬಂದ ಬಗೆಯನ್ನು ವಿವರಿಸಿದೆ. ಬರೆದದ್ದನ್ನು ಹೆಂಡತಿ ಗಿರಿಜಳಿಗೆ ಓದಿ ಹೇಳಿದೆ. ಅವಳು ಬಸಳೆ ಹೆಚ್ಚುತ್ತಲೇ ಕೇಳಿಸಿಕೊಂಡಳು.

"ಅಕ್ಕಿ ಬೇಕು ಅಂತ ಎಲ್ಲಿ ಬರ್ದಿದ್ದೀರಿ?"

"ಅದು ಉಪಸಂಹಾರದಲ್ಲಿ ಬರುತ್ತದೆ."

"ಅಲ್ಲಿಯವರೆಗೆ ಆ ಮಕ್ಕಳು ಎಂತ ತಿನ್ನುದು? ಗುಹೆಯನ್ನಾ?"

ಹೆಂಗಸರಿಗೆ ಪೀಠಿಕೆಯ ಮಹತ್ವ ತಿಳಿಯುವುದಿಲ್ಲವೆಂದು ಮನಸ್ಸಿನಲ್ಲೇ ಹೇಳಿಕೊಂಡು ಪುತ್ತೂರಿನ ಬಸ್ಸು ಹತ್ತಿದೆ.

ಕಚೇರಿಯ ಗುಮಾಸ್ತರು ಅರ್ಜಿಯನ್ನು ಕೈಯಲ್ಲಿ ತೂಗಿ ನೋಡಿದರು. "ಇದೆಂತ ಮಾರಾಯ್ರೆ, ಅರ್ಜಿಯೋ ಪುರಾಣವೋ? ಆ ಹೆಂಗಸಿಗೆ ಅಣ್ಣ ಇದ್ದಾನಲ್ಲ? ರಕ್ತ ಸಂಬಂಧ. ಒಂದೇ ಕುಟುಂಬ."

"ತಮಗೆ ಅಣ್ಣಂದಿರು ಇದ್ದಾರೆಯೇ?"

"ಉಂಟು. ಕಡಬದಲ್ಲಿ."

"ಅವರು ಮಧ್ಯಾಹ್ನ ಕಡಬದಲ್ಲಿ ಉಂಡರೆ ಇಲ್ಲಿ ಪುತ್ತೂರಿನಲ್ಲಿ ತಮಗೆ ತೇಗು ಬರುತ್ತದೆಯೇ?"

ಕಚೇರಿಯಲ್ಲಿ ನಗು ಎದ್ದಿತು. ಒಳಗಿನ ಮೇಜಿನಲ್ಲಿದ್ದ ಇನ್ಸ್‌ಪೆಕ್ಟರು ತಲೆ ಎತ್ತಿದರು. ಘಟ್ಟದ ಮೇಲಿನವರು, ನಮ್ಮೂರಿನ ಸೆಕೆಗೆ ಬೆವರೊರೆಸಿ ಒರೆಸಿ ಅವರ ಟವೆಲು ಹಣೆಗಿಂತ ಹೆಚ್ಚು ಒದ್ದೆಯಾಗಿತ್ತು.

"ಏನ್ರೀ ಅದು ಗಲಾಟೆ?"

ನನಗೆ ಬೇಕಾದದ್ದು ಅದೇ. ಮುಂದೆ ಹೋಗಿ ಗಂಟಲು ಸರಿಪಡಿಸಿಕೊಂಡೆ. "ಸ್ವಾಮೀ, ಕುಟುಂಬವನ್ನು ನಿಶ್ಚಯಿಸುವುದು ರಕ್ತವಲ್ಲ, ಒಲೆ! ಒಂದು ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರೆಲ್ಲ ಒಂದು ಕುಟುಂಬ. ಅವರು ಯಾರೇ ಇರಲಿ, ಯಾವ ಜಾತಿಯೇ ಇರಲಿ!" ಎಂದು ಮೇಜು ಗುದ್ದಿದೆ. ಮಸಿಯ ಕುಡಿಕೆ ಮಗುಚಿತು.

ಇನ್ಸ್‌ಪೆಕ್ಟರು ಆ ಟವೆಲಿನಿಂದಲೇ ಮಸಿಯನ್ನು ಒರೆಸಿದರು. "ಮಾತು ಚೆನ್ನಾಗಿದೆ, ನೆನಪಿಟ್ಕೋತೀನಿ. ಹಾಗಾದ್ರೆ ಒಲೆ ನೋಡೇ ಕೊಡೋಣ. ಈ ತಿಂಗಳಲ್ಲೇ ಬೆಳ್ಳಾರೆಗೆ ಬರ್ತೀನಿ. ಆ ಹೆಂಗಸಿನ ಒಲೆನೂ ನೋಡ್ತೀನಿ, ನಿಮ್ಮದೂ ನೋಡ್ತೀನಿ."

"ನನ್ನದು ಯಾಕೆ ಸ್ವಾಮಿ?"

"ಇಷ್ಟೆಲ್ಲ ತಿಳಿದೋರ ಮನೆ ಒಲೆ ಹೇಗಿರುತ್ತೆ ಅಂತ ಒಂದು ಕುತೂಹಲ."

ಇದನ್ನು ನಾನು ಗೌರವವೆಂದೇ ಭಾವಿಸಿದೆ.

ಮರಳುವ ಬಸ್ಸಿನಲ್ಲಿ ಕಂಡಕ್ಟರ್ ಸಂಜೀವನಿಗೆ ವಿಷಯ ತಿಳಿಸಿದೆ. ಸಂಜೀವನಿಗೆ ಒಂದು ಸುದ್ದಿ ಕೊಟ್ಟರೆ ಅವನು ಎರಡು ಕೊಡುವವನು.

"ಅಯ್ಯೋ ಮಾರಾಯ್ರೆ, ಒಲೆ ನೋಡುದು ಅಂದ್ರೆ ಸುಮ್ಮನೆ ನೋಡುದಲ್ಲ. ಬೂದಿಗೆ ಕೈ ಹಾಕ್ತಾರೆ! ಬಿಸಿ ಇದ್ರೆ ಕಾರ್ಡು, ತಣ್ಣಗಿದ್ರೆ ಇಲ್ಲ."

"ನೋಡಿದವರು ಯಾರು?"

"ನಿನ್ನೆ ಬಸ್ಸು ಹತ್ತಿದ ಒಬ್ರು ಹೇಳಿದ್ದು."

"ಅವರು ನೋಡಿದ್ದಾರೆಯೇ?"

"ಅವರ ಭಾವನಿಗೆ ಯಾರೋ ಹೇಳಿದ್ದಂತೆ."

"ಆ ಯಾರೋ ನೋಡಿದ್ದಾರೆಯೇ?"

"ನಿಮಗೆ ಟಿಕೇಟು ಕೊಟ್ಟದ್ದನ್ನಾದರೂ ನೀವು ನೋಡಿದ್ದೀರಾ ಮಾರಾಯ್ರೆ?" ಎಂದು ಸಂಜೀವ ಹಿಂದಿನ ಸೀಟಿಗೆ ಹೋದ.

ಸುದ್ದಿ ಸುಳ್ಳೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಆದರೆ ಸುಳ್ಳಿನ ಒಳಗೂ ಒಂದು ಪ್ರಶ್ನೆ ಉಳಿಯಿತು. ಒಲೆ ಆರಿದ ಮೇಲೆ ಬೂದಿ ಎಷ್ಟು ಹೊತ್ತು ಬಿಸಿಯಾಗಿರುತ್ತದೆ? ದಿನಾ ಬೂದಿಯಲ್ಲಿ ಹಲ್ಲುಜ್ಜುವ ನಮಗೆ ಬೂದಿಯ ಸ್ವಭಾವವೇ ತಿಳಿದಿಲ್ಲವಲ್ಲ! ಮನೆಗೆ ಬಂದವನೇ ಅಡುಗೆಮನೆಯ ಒಲೆಯ ಮುಂದೆ ಕುಳಿತೆ.

"ಇವತ್ತು ಈ ಒಲೆಗೆ ಯಾರೂ ಬೆಂಕಿ ಹಾಕಬಾರದು. ಇದು ಪರೀಕ್ಷೆಯಲ್ಲಿದೆ," ಎಂದು ಘೋಷಿಸಿದೆ.

"ಹಾಗಾದ್ರೆ ಗಂಜಿ ಎಲ್ಲಿ ಬೇಯಿಸುದು? ನಿಮ್ಮ ಸೋಡದ ಯಂತ್ರದಲ್ಲಾ?" ಎಂದಳು ಗಿರಿಜ.

ಬೂದಿಯನ್ನು ಮೇಲಿನಿಂದ ಮುಟ್ಟಿದೆ. ತಣ್ಣಗಿತ್ತು. ಹಾಗಾದರೆ ಬೂದಿ ಬಲು ಬೇಗ ಆರುತ್ತದೆ ಎಂಬ ಸಿದ್ಧಾಂತಕ್ಕೆ ಬಂದೆ. ಸಿದ್ಧಾಂತವನ್ನು ದೃಢಪಡಿಸಿಕೊಳ್ಳಲು ಬಲಗೈಯನ್ನು ಮಣಿಕಟ್ಟಿನವರೆಗೆ ಒಳಗೆ ತೂರಿಸಿದೆ.

ನನ್ನ ಕೂಗು ಪೇಟೆಯ ಇನ್ನೊಂದು ತುದಿಗೂ ಕೇಳಿಸಿತಂತೆ. ಇದನ್ನು ಮಾತ್ರ ಕೇಳಿದವರು ಅನೇಕರಿದ್ದರು!

ಮೇಲೆ ತಣ್ಣಗೆ ಮಲಗಿದ ಬೂದಿಯ ಅಡಿಯಲ್ಲಿ ತೆಂಗಿನ ಸಿಪ್ಪೆಯ ಕೆಂಡ ಮಾತಿಲ್ಲದೆ ಉರಿಯುತ್ತಿರುತ್ತದೆ ಎಂಬ ಸತ್ಯವನ್ನು ನಾನು ಹೀಗೆ ಕಂಡುಹಿಡಿದೆ. ಗಿರಿಜ ಕೈಗೆ ತೆಂಗಿನೆಣ್ಣೆ ಹಚ್ಚಿ, ಹಳೆಯ ಪಂಚೆಯ ತುಂಡು ಸುತ್ತಿ, "ಒಂದು ಮಾತು ನನ್ನ ಹತ್ರ ಕೇಳ್ತಿದ್ರೆ ಹೇಳ್ತಿದ್ದೆನಲ್ಲ?" ಎಂದಳು.

"ಕೇಳಿ ತಿಳಿದದ್ದು ಜ್ಞಾನವಲ್ಲ," ಎಂದೆ. ಸೋಡದ ಯಂತ್ರ ಅಂದಿನಿಂದ ನಿಂತಿತು.

ಇಷ್ಟಾದ ಮೇಲೆ ಐಸಮ್ಮನ ಒಲೆಯನ್ನು ನೋಡದಿರುವುದು ಹೇಗೆ? ಹಿತ್ತಿಲು ದಾಟಿ ಹೋದೆ. ಗುಡಿಸಲಿನ ಮೂಲೆಯಲ್ಲಿ ಮೂರು ಕಲ್ಲು. ಕಲ್ಲುಗಳ ನಡುವೆ, ಬೂದಿಯಲ್ಲಿ ಗುಳಿ ಮಾಡಿಕೊಂಡು, ಒಂದು ಕೋಳಿ ಕಣ್ಣು ಮುಚ್ಚಿ ಕುಳಿತಿತ್ತು. ಕೋಳಿ ನಮ್ಮದೇ.

"ಮೊಟ್ಟೆ ಇಡ್ಲಿಕ್ಕೆ ಬರ್ತದೆ," ಎಂದಳು ಐಸಮ್ಮ ಸಂಕೋಚದಿಂದ. "ಮೊಟ್ಟೆಯನ್ನು ಗಿರಿಜಕ್ಕನಿಗೆ ಕೊಟ್ಟು ಬರ್ತೇನೆ. ಓಡಿಸುದು ಯಾಕೆ ಅಂತ ಬಿಟ್ಟೆ. ಒಲೆ ಖಾಲಿಯೇ ಅಲ್ವಾ."

ಸಂಜೀವನ ಸುದ್ದಿ ಸುಳ್ಳಾಗಿರಬಹುದು. ಆದರೆ ಬೂದಿಯನ್ನು ಮುಟ್ಟಬೇಕಾದ ಅಗತ್ಯವೇ ಇಲ್ಲದಂತೆ, ಕೋಳಿ ಕುಳಿತ ಒಲೆಯನ್ನು ಇನ್ಸ್‌ಪೆಕ್ಟರು ನೋಡಿದರೆ? ಅಕ್ಕಿ ಇಲ್ಲದ್ದರಿಂದ ಒಲೆ ಆರಿದೆ. ಒಲೆ ಆರಿದ್ದರಿಂದ ಕಾರ್ಡು ಸಿಗುವುದಿಲ್ಲ. ಕಾರ್ಡಿಲ್ಲದ್ದರಿಂದ ಅಕ್ಕಿ ಇಲ್ಲ. ಈ ಚಕ್ರವನ್ನು ಯಾರಾದರೂ ಎಲ್ಲಿಯಾದರೂ ಒಂದು ಕಡೆ ಮುರಿಯಬೇಕಿತ್ತು. ಆ ಯಾರಾದರೂ ನಾನೇ ಎಂದು ತೀರ್ಮಾನಿಸಿದೆ.

ಮರುದಿನ ಬೆಳಿಗ್ಗೆ ನಮ್ಮ ಒಲೆಯಿಂದ ತೆಂಗಿನ ಗೆರಟೆಯಲ್ಲಿ ಕೆಂಡ ತುಂಬಿಕೊಂಡು ಎಡಗೈಯಲ್ಲಿ ಹಿಡಿದು ಹೊರಟೆ. ಹಿತ್ತಿಲು ದಾಟುವಾಗ ಗಾಳಿಗೆ ಒಂದು ಕೆಂಡ ಹಾರಿ ಪಂಚೆಗೆ ಬಿತ್ತು. ಪಂಚೆಯನ್ನು ಉಳಿಸಲೋ ಕೆಂಡವನ್ನು ಉಳಿಸಲೋ ಎಂಬ ಧರ್ಮಸಂಕಟ. ಕೆಂಡವನ್ನು ಉಳಿಸಿದೆ. ನನ್ನನ್ನು ಕಂಡ ಐಸಮ್ಮನ ಮಕ್ಕಳು ಮುಖ ಮುಚ್ಚಿಕೊಂಡು ಒಳಗೆ ಓಡಿದರು.

ಕೋಳಿಯನ್ನು ಓಡಿಸಿ, ಊದಿ, ಬೆಂಕಿ ಎಬ್ಬಿಸಿ, ಗೆದ್ದವನಂತೆ ಐಸಮ್ಮನ ಮುಖ ನೋಡಿದೆ.

"ಬೆಂಕಿ ಆಯಿತು ಸೋಡದಣ್ಣ," ಎಂದಳು ಅವಳು. "ಮೇಲೆ ಎಂತ ಇಡುದು?"

ಈ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಮನೆಗೆ ಹೋಗಿ, ಗಿರಿಜ ಬಾವಿಕಟ್ಟೆಯಲ್ಲಿದ್ದ ಸಮಯ ನೋಡಿ, ಕುಚ್ಚಲಕ್ಕಿಯನ್ನು ಹೆಗಲ ಬೈರಾಸಿನಲ್ಲಿ ಕಟ್ಟಿಕೊಂಡು ಬಂದೆ. ಐಸಮ್ಮನ ಮಡಕೆ ಬಿರುಕು ಬಿಟ್ಟಿತ್ತು. ಮಡಕೆ ತಂದೆ. ಮುಚ್ಚಳ ಬೇಡವೇ? ತಂದೆ. ಸೌಟು, ಉಪ್ಪಿನ ಮರಿಗೆ, ಸಿಪ್ಪೆಯ ಮೂಟೆ, ಹೀಗೆ ದಿನ ಕಳೆದಂತೆ ನಮ್ಮ ಅಡುಗೆಮನೆಯು ಒಂದೊಂದೇ ಹೆಜ್ಜೆಯಿಟ್ಟು ಹಿತ್ತಿಲು ದಾಟಿತು. ಇದು ಗಿರಿಜಳ ಗಮನಕ್ಕೆ ಬಂದಿಲ್ಲವೆಂದು ನಾನು ತಿಳಿದಿದ್ದೆ. ಅವಳು ಸುಮ್ಮನಿದ್ದುದು ನಾನು ಎಲ್ಲಿಯವರೆಗೆ ಹೋಗುತ್ತೇನೆಂದು ನೋಡಲಿಕ್ಕಂತೆ!

ಕಡೆಗೆ ಒಂದು ದಿನ ಅವಳು ಸೆರಗು ಸಿಕ್ಕಿಸಿ ಹೊರಟು ನಿಂತಳು.

"ಎಲ್ಲಿಗೆ?"

"ಅಡುಗೆಗೆ. ನನ್ನ ಅಕ್ಕಿ, ನನ್ನ ಮಡಕೆ, ನನ್ನ ಸೌಟು, ಎಲ್ಲ ಅಲ್ಲಿ ಉಂಟು. ನಾನೊಬ್ಬಳು ಇಲ್ಲಿ ಎಂತ ಮಾಡುದು? ನಿಮಗೆ ಹಸಿವಾದ್ರೆ ಅಲ್ಲಿಗೇ ಬನ್ನಿ."

ಹಾಗೆ ನಾವು ಅಲ್ಲಿಯೇ ಉಣ್ಣತೊಡಗಿದೆವು. ಜಾತಿ ಕೆಡುವುದಿಲ್ಲವೇ ಎಂದು ಬೇಲಿಯಾಚೆಯಿಂದ ಕೇಳಿದವರಿಗೆ ಗಿರಿಜ, "ಗಂಜಿಗೆ ಕೇಳಿ ನೋಡಿದೆ. ಅದಕ್ಕೆ ಗೊತ್ತಿಲ್ಲವಂತೆ," ಎಂದಳಂತೆ. ಚಿಕ್ಕ ಹುಡುಗಿ ಅವಳ ಸೆರಗು ಹಿಡಿದು ತಿರುಗುತ್ತಿತ್ತು. ದೊಡ್ಡವಳು ನನ್ನ ಸುಟ್ಟ ಪಂಚೆಯ ತೂತನ್ನು ನೋಡಿದಾಗಲೆಲ್ಲ ನಗುತ್ತಿದ್ದಳು.

ಇಷ್ಟರಲ್ಲಿ ಇನ್ಸ್‌ಪೆಕ್ಟರರ ಜೀಪು ಬಂತು. ಮೊದಲು ಬಂದದ್ದು ನಮ್ಮ ಮನೆಗೆ.

ನಾನು ಅವರನ್ನು ಗೌರವದಿಂದ ಅಡುಗೆಮನೆಯ ಬಾಗಿಲಿಗೆ ಕರೆದೊಯ್ದೆ. ಅವರು ಹೊಸ್ತಿಲಲ್ಲೇ ನಿಂತು ಒಳಗೆ ಇಣುಕಿ, "ಹ್ಞೂಂ, ಒಲೆ ಇದೆ," ಎಂದು ಪೆನ್ನಿನ ಮುಚ್ಚಳ ಹಾಕಿದರು. ಅಷ್ಟೇ! ಮುಗಿದೇ ಹೋಯಿತು!

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಬರಹ ಇರುತ್ತಿರಲಿಲ್ಲ.

"ತಾವು ಬೂದಿಯನ್ನು ಮುಟ್ಟಿ ನೋಡುವುದಿಲ್ಲವೇ?"

"ಬೂದಿಯನ್ನ? ಯಾಕ್ರೀ?"

"ಬಿಸಿ ಇದೆಯೋ ಎಂದು ನೋಡಲು. ತಾವೆಲ್ಲ ಹಾಗೆ ಮಾಡುತ್ತೀರೆಂದು ಜನ ಹೇಳುತ್ತಾರೆ."

"ನಮಗೇನು ಬೇರೆ ಕೆಲಸ ಇಲ್ವೇನ್ರೀ? ಯಾರೂ ಮುಟ್ಟೋದಿಲ್ಲ."

ಸಂಜೀವನ ಮಾತು ಸುಳ್ಳೆಂದು ಸರಕಾರದ ಬಾಯಿಂದಲೇ ಸಾಬೀತಾಯಿತು! ಹರ್ಷದ ಭರದಲ್ಲಿ ನನ್ನೊಳಗಿನ ವಿಜ್ಞಾನಿ ಎಚ್ಚೆತ್ತ.

"ಒಂದು ವೇಳೆ ಮುಟ್ಟುವುದೇ ಆದರೆ ಸ್ವಾಮಿ, ಮೇಲೆ ಮುಟ್ಟಿ ಪ್ರಯೋಜನವಿಲ್ಲ. ಬೂದಿಯು ಮೇಲೆ ಒಂದು, ಒಳಗೆ ಇನ್ನೊಂದು. ನಿಜ ತಿಳಿಯಬೇಕಾದರೆ ಹೀಗೆ ಅಡಿಯವರೆಗೆ ಕೈ ಹಾಕಬೇಕು," ಎಂದು ಒಲೆಯ ಮುಂದೆ ಕುಳಿತು ಎಡಗೈಯನ್ನು ಮಣಿಕಟ್ಟಿನವರೆಗೆ ತೂರಿಸಿಯೇಬಿಟ್ಟೆ.

ಬೂದಿ ತಣ್ಣಗಿತ್ತು. ಅದರಲ್ಲಿ ಬೆಂಕಿ ಹೊತ್ತದೆ ಎಷ್ಟೋ ದಿನಗಳಾಗಿದ್ದವೆಂಬುದು ಆ ಕ್ಷಣದಲ್ಲಿ ನೆನಪಾಯಿತು. ಆದರೂ ಅಡಿಯಲ್ಲಿ ಬೆಚ್ಚಗಿನದೇನೋ ಕೈಗೆ ಸಿಕ್ಕಿತು. ಮಾನ ಉಳಿಯಿತೆಂದು ಸಂತೋಷದಿಂದ ಹೊರಗೆ ತೆಗೆದೆ.

ಮೊಟ್ಟೆ!

ಐಸಮ್ಮನ ಒಲೆಯಿಂದ ನಾನು ಓಡಿಸಿದ ಕೋಳಿ ನಮ್ಮ ಒಲೆಯಲ್ಲಿ ಸಂಸಾರ ಹೂಡಿತ್ತು.

ಇನ್ಸ್‌ಪೆಕ್ಟರು ಮೊಟ್ಟೆಯನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಪೆನ್ನಿನ ಮುಚ್ಚಳ ತೆಗೆದರು. "ಏನ್ರೀ, ನಿಮ್ಮನೇಲಿ ಅನ್ನ ಬೇಯಿಸಲ್ವಾ?"

"ನಮ್ಮಲ್ಲಿ ಬೆಂಕಿ ಇದೆ ಸ್ವಾಮಿ! ಇಲ್ಲಿ ಬನ್ನಿ!" ಎಂದು ಗಾಬರಿಯಿಂದ ಅವರನ್ನು ಬಚ್ಚಲಿಗೆ ಕರೆದೊಯ್ದೆ. ಅಲ್ಲಿ ಹಂಡೆಯ ಅಡಿಯಲ್ಲಿ ತೆಂಗಿನ ಮಡಲಿನ ಕೊತ್ತಳಿಂಗೆ ಧಗಧಗ ಉರಿಯುತ್ತಿತ್ತು.

"ಸ್ನಾನ ಮಾಡ್ತೀರಿ, ಊಟ ಮಾಡಲ್ಲ," ಎಂದರು ಅವರು ಗಂಭೀರವಾಗಿ. "ಇನ್ನೊಂದು ಒಲೆ ಎಲ್ಲಿ? ಆ ಹೆಂಗಸಿನದು?"

ನನ್ನ ಕಾರ್ಡು ಹೋದರೆ ಹೋಗಲಿ. ಗಿರಿಜ ಅಲ್ಲಿ ನಮ್ಮದೇ ಮಡಕೆಯ ಮುಂದೆ ಕುಳಿತಿದ್ದಾಳೆ. ಎಲ್ಲವೂ ಸೋಡದವನ ನಾಟಕವೆಂದು ಇವರು ಬರೆದುಬಿಟ್ಟರೆ ಆ ಹುಡುಗಿಯರು ನಾಳೆಯೇ ಅರಂತೋಡಿನ ಬಸ್ಸು ಹತ್ತಬೇಕು. ಮೊಟ್ಟೆಯನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಹಿಂದೆ ನಡೆದೆ.

ಗುಡಿಸಲಿನಲ್ಲಿ ಆಗಷ್ಟೇ ಗಂಜಿ ಇಳಿಸಿದ್ದರು. ಹುಡುಗಿಯರು ಬಟ್ಟಲು ಹಿಡಿದು ಕುಳಿತಿದ್ದರು. ಐಸಮ್ಮ ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದು ನಿಂತಳು. ಇನ್ಸ್‌ಪೆಕ್ಟರು ಅವಳನ್ನು ಏನೂ ಕೇಳಲಿಲ್ಲ. ನೇರವಾಗಿ ಹೋಗಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ತೋಳು ಮಡಚಿ, ನಾನು ಕಲಿಸಿದ ರೀತಿಯಲ್ಲೇ ಬೂದಿಗೆ ಕೈ ತೂರಿಸಿದರು.

"ಅಯ್ಯಯ್ಯಪ್ಪಾ!"

ಗಿರಿಜ ಗಡಿಬಿಡಿಯಿಲ್ಲದೆ ತೆಂಗಿನೆಣ್ಣೆಯ ಕುಪ್ಪಿ ತಂದಳು. ಅದೂ ಆಗಲೇ ಹಿತ್ತಿಲು ದಾಟಿ ಬಂದಿತ್ತು.

"ಇದು ಒಲೆ ಅಂದ್ರೆ!" ಎಂದರು ಇನ್ಸ್‌ಪೆಕ್ಟರು ಬೆರಳು ಊದಿಕೊಳ್ಳುತ್ತ. "ಒಳ್ಳೆ ಉಪಾಯ ಹೇಳಿಕೊಟ್ರಿ ಕಣ್ರೀ. ನಾಳೆ ಸುಳ್ಯದ ಕಡೆ ಹೋಗ್ತಿದ್ದೀನಿ, ಅಲ್ಲೂ ಹೀಗೇ ನೋಡ್ತೀನಿ, ಒಂದು ಕೋಲು ಇಟ್ಕೊಂಡು." ಆಮೇಲೆ ಐಸಮ್ಮನತ್ತ ತಿರುಗಿದರು. "ಈ ಒಲೇಲಿ ಉಣ್ಣೋರು ಯಾರ್‍ಯಾರಮ್ಮ?"

ನಾನು ಹಿಂದಿನಿಂದ ಕಣ್ಣು ಮಿಟುಕಿಸಿದೆ, ಕೆಮ್ಮಿದೆ, ಮೊಟ್ಟೆಯಿಂದ ಸನ್ನೆ ಮಾಡಿದೆ. ಐಸಮ್ಮ ಸುಳ್ಳು ಹೇಳುವವಳಲ್ಲ.

"ನಾನು, ನನ್ನ ಎರಡು ಮಕ್ಕಳು, ಗಿರಿಜಕ್ಕ..." ಎಂದು ನಿಲ್ಲಿಸಿ, ನನ್ನ ಕಡೆ ನೋಡಿ, ಪಾಪವೆನಿಸಿತೋ ಏನೋ, ದನಿ ತಗ್ಗಿಸಿ ಸೇರಿಸಿದಳು. "ಮತ್ತೆ ಸೋಡದಣ್ಣ."

ಇನ್ಸ್‌ಪೆಕ್ಟರು ನಕ್ಕರು. ಆ ನಗುವಿನಲ್ಲಿ ಪುತ್ತೂರಿನ ಮಸಿಯ ಕುಡಿಕೆ ಇತ್ತು. "ಒಂದು ಒಲೆಯಲ್ಲಿ ಬೆಂದದ್ದನ್ನು ಉಣ್ಣೋರೆಲ್ಲ ಒಂದು ಕುಟುಂಬ. ಯಾರೇ ಇರಲಿ, ಯಾವ ಜಾತಿಯೇ ಇರಲಿ. ನಿಮ್ಮದೇ ಮಾತಲ್ವೇನ್ರೀ?"

"ಅದು ತಾತ್ತ್ವಿಕವಾಗಿ ಹೇಳಿದ್ದು ಸ್ವಾಮಿ..."

"ನಾವು ಕಾರ್ಡಿನಲ್ಲಿ ಬರೀತೀವಿ." ಬರೆದೇಬಿಟ್ಟರು. ಕುಟುಂಬದ ಯಜಮಾನಿ ಐಸಮ್ಮ. ಅನಂತರ ಹೆಣ್ಣುಮಕ್ಕಳು. ಅನಂತರ ಗಿರಿಜ. ಎಲ್ಲಕ್ಕಿಂತ ಕೆಳಗೆ, ಅವಲಂಬಿತನಾಗಿ, ನಾನು. ನನ್ನ ಹಳೆಯ ಕಾರ್ಡು ರದ್ದಾಯಿತು.

ಜೀಪು ಹೋದ ಮೇಲೆ ಐಸಮ್ಮ ಹೊಸ್ತಿಲಲ್ಲಿ ಕುಸಿದು ಕುಳಿತಳು. "ಹಾಗಾದ್ರೆ ಮಕ್ಕಳು ಇಲ್ಲೇ ಇರ್ಬಹುದಾ ಗಿರಿಜಕ್ಕ?"

"ಇಲ್ಲದೆ ಎಲ್ಲಿಗೆ?" ಎಂದು ಗಿರಿಜ ಹುಡುಗಿಯರ ಬಟ್ಟಲಿಗೆ ಗಂಜಿ ಬಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಆ ಮೊಟ್ಟೆ ಇಲ್ಲಿ ಕೊಡಿ. ನಿಮ್ಮ ಕೈಯಲ್ಲೇ ಮರಿಯಾದ್ರೆ ಅದನ್ನೂ ಕಾರ್ಡಿನಲ್ಲಿ ಬರೀತಾರೆ!" ಎಂದಳು.

ನಮ್ಮ ಹೆಸರುಗಳನ್ನು ಬೇರ್ಪಡಿಸಲು ಇನ್ನೊಂದು ಅರ್ಜಿ ಬೇಕಾಗಿತ್ತು. ಬರೆಯುತ್ತೇನೆಂದು ನಾನು ಕಾಗದ ತೆಗೆದಾಗ ಗಿರಿಜಳೂ ಐಸಮ್ಮನೂ ಒಟ್ಟಿಗೆ ಕೂಗಿದರು: "ನೀವು ಬರೀಬೇಡಿ!" ಬೇರೆ ಯಾರಾದರೂ ಬರೆದುಕೊಡುವವರೆಗೆ ಮಳೆಗಾಲ ಪೂರ್ತಿ ಕಳೆಯಿತು. ಅಷ್ಟು ಕಾಲವೂ ರೇಶನ್ ಅಂಗಡಿಯ ಸಾಲಿನಲ್ಲಿ ಚೀಲ ಹಿಡಿದು ನಿಲ್ಲುವ ಕೆಲಸ ಅವಲಂಬಿತನಾದ ನನ್ನ ಪಾಲಿಗೆ ಬಂತು.

ಹಾಗೆ ನಿಂತಿದ್ದ ಒಂದು ದಿನ ಪುತ್ತೂರಿನ ಬಸ್ಸು ಅಂಗಡಿಯ ಎದುರೇ ನಿಂತಿತು. ಮೆಟ್ಟಿಲಲ್ಲಿ ನಿಂತ ಸಂಜೀವ ಒಳಗಿನವರಿಗೆ ಸುದ್ದಿ ಹಂಚುತ್ತಿದ್ದ. "ಇನ್ಸ್‌ಪೆಕ್ಟರು ಬೂದಿಗೆ ಕೈ ಹಾಕ್ತಾರೆ ಅಂತ ನಾನು ಮೊದಲೇ ಹೇಳಿದ್ದು. ಈಗ ಸುಳ್ಯದ ಕಡೆ ಎಲ್ಲ ಹಾಗೆಯೇ ಅಂತೆ!"

ಒಳಗಿನಿಂದ ಯಾರೋ ನನ್ನಂಥವರೇ ಇರಬೇಕು, "ನೋಡಿದವರು ಯಾರು?" ಎಂದು ಕೇಳಿದರು.

ಅಷ್ಟರಲ್ಲಿ ಅಂಗಡಿಯವನು ತಕ್ಕಡಿ ಎತ್ತಿ ಕೂಗಿದ. "ಐಸಮ್ಮನ ಮನೆಯವರು!"

ನಾನು ಚೀಲ ಬಿಡಿಸಿಕೊಂಡು ಮುಂದೆ ಹೋದೆ.

"ಅಗೋ," ಎಂದ ಸಂಜೀವ, ಇಡೀ ಬಸ್ಸಿಗೆ ಕೇಳುವಂತೆ. "ಅವರನ್ನೇ ಕೇಳಿ!"